ದಪ್ಪಕ್ಷರವೆಲ್ಲ ಎಚ್ಚರಿಕೆಯಲ್ಲ

ಕೋಲಾರದ ಪಕ್ಕದ ವೇಮಗಲ್ ಕೈಗಾರಿಕಾ ಪ್ರದೇಶದಲ್ಲಿ ಕೊಳವೆಬಾವಿ ಮೋಟಾರ್‌ಗಳಿಗೆ ಸ್ಟಾರ್ಟರ್ ಪೆಟ್ಟಿಗೆ ತಯಾರಿಸುವ ಸಣ್ಣ ಘಟಕವೊಂದಿದೆ ಎಂದು ಇಟ್ಟುಕೊಳ್ಳೋಣ. 5, 7.5, 10, 12.5 ಮತ್ತು 15 ಎಚ್‌ಪಿ ಹೀಗೆ ಐದು ಮಾದರಿಗಳು. ಗಿರಾಕಿಗಳು ಮುಳಬಾಗಿಲು, ಶ್ರೀನಿವಾಸಪುರದ ರೈತರಷ್ಟೇ ಅಲ್ಲ. ಗಡಿಯಾಚೆ ಪಲಮನೇರು, ಮದನಪಲ್ಲಿಯ ಕಡೆ ತೆಲುಗು ಓದುವವರಿದ್ದಾರೆ, ಕೃಷ್ಣಗಿರಿಯ ಕಡೆ ತಮಿಳು ಓದುವವರಿದ್ದಾರೆ. ಪೆಟ್ಟಿಗೆಯ ಜೊತೆ ಅಚ್ಚಾದ ಕೈಪಿಡಿ ಕೊಡಬೇಕು, ಮೊಬೈಲಿನಲ್ಲಿ ಓದುವವರಿಗೆ ಒಂದು ಪುಟವನ್ನೂ ಒದಗಿಸಬೇಕು. ಐದು ಮಾದರಿ, ಮೂರು ಭಾಷೆ, ಎರಡು ರೂಪ: ಒಟ್ಟು 30 ಕಡತಗಳು.

ಈಗ ಎಂಜಿನಿಯರ್ ಬಂದು, ‘ನೀರಿಲ್ಲದೆ ಮೋಟಾರ್ ಓಡಿದರೆ ಪೆಟ್ಟಿಗೆ ತಾನಾಗಿಯೇ ನಿಂತುಹೋಗುತ್ತದೆಯಲ್ಲ, ಅದು ಮತ್ತೆ ಚಾಲೂ ಆಗುವ ಅವಧಿಯನ್ನು ಬದಲಾಯಿಸಿದ್ದೇವೆ’ ಎನ್ನುತ್ತಾರೆ. ಬದಲಾಗಬೇಕಾದದ್ದು ಒಂದೇ ವಾಕ್ಯ. ಆದರೆ ಆ ಒಂದು ವಾಕ್ಯ 30 ಕಡೆ ಕುಳಿತಿದೆ. ತಿದ್ದುವವರು ಮನುಷ್ಯರು. ನಾಲ್ಕೈದು ಕಡತಗಳಲ್ಲಿ ಹಳೆಯ ಅವಧಿ ಹಾಗೆಯೇ ಉಳಿಯುತ್ತದೆ, ಮತ್ತು ಅವು ಯಾವುವು ಎಂದು ಯಾರಿಗೂ ತಿಳಿಯುವುದಿಲ್ಲ.

ಇದನ್ನು ಕಂಪ್ಯೂಟರಿಗೆ ವಹಿಸಬಾರದೇ? ವಹಿಸಬಹುದು, ಆದರೆ ಕಂಪ್ಯೂಟರಿಗೆ ಆ ವಾಕ್ಯ ಗೊತ್ತಿರಬೇಕಲ್ಲ. ಸಾಮಾನ್ಯ ಕಡತದಲ್ಲಿ ಅದಕ್ಕೆ ತಿಳಿದಿರುವುದು ‘ಇಲ್ಲಿ ಅಕ್ಷರ ದಪ್ಪ, ಬಣ್ಣ ಕೆಂಪು, ಗಾತ್ರ 14’ ಎಂಬುದಷ್ಟೇ. ಆ ದಪ್ಪ ಕೆಂಪು ಅಕ್ಷರ ಎಚ್ಚರಿಕೆಯಾಗಿರಬಹುದು, ಅಧ್ಯಾಯದ ಹೆಸರಾಗಿರಬಹುದು, ಪೆಟ್ಟಿಗೆಯ ಮೇಲಿನ ಗುಂಡಿಯ ಹೆಸರೂ ಆಗಿರಬಹುದು. ಓದುವವನು ಸಂದರ್ಭ ನೋಡಿ ಊಹಿಸುತ್ತಾನೆ. ಯಂತ್ರಕ್ಕೆ ಆ ಊಹೆ ಇಲ್ಲ. ‘ಎಲ್ಲ ಮಾದರಿಗಳ ಎಚ್ಚರಿಕೆಗಳನ್ನು ಮಾತ್ರ ಆಯ್ದು ತೆಲುಗು ಅನುವಾದಕರಿಗೆ ಕಳುಹಿಸು’ ಎಂದರೆ ಅದು ಸುಮ್ಮನೆ ಕೂರುತ್ತದೆ.

ಅರ್ಥಸೂಚಕ ಮಾರ್ಕಪ್ ಹುಟ್ಟಿದ್ದೇ ಈ ತೊಡಕಿಗೆ ಉತ್ತರವಾಗಿ. ಬರೆಯುವಾಗ ಅಕ್ಷರ ಹೇಗೆ ಕಾಣಬೇಕು ಎಂದು ಗುರುತು ಹಾಕುವುದಿಲ್ಲ, ಆ ಮಾತು ಏನು ಎಂದು ಗುರುತು ಹಾಕುತ್ತೇವೆ. ನಮ್ಮ ಸ್ಟಾರ್ಟರ್ ಪೆಟ್ಟಿಗೆಯ ಒಂದು ತುಣುಕು ಹೀಗಿರಬಹುದು:

<ಕಾರ್ಯ>
  <ಶೀರ್ಷಿಕೆ>ಮೋಟಾರ್ ಚಾಲೂ ಮಾಡುವುದು</ಶೀರ್ಷಿಕೆ>
  <ಅಪಾಯ ಮಟ್ಟ="ಪ್ರಾಣಹಾನಿ">ಪೆಟ್ಟಿಗೆಯ ಬಾಗಿಲು ತೆರೆಯುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ.</ಅಪಾಯ>
  <ಹಂತ>ಮೂರೂ ಫೇಸ್‌ಗಳಲ್ಲಿ ವಿದ್ಯುತ್ ಇದೆಯೇ ಎಂದು ವೋಲ್ಟ್‌ಮೀಟರ್ ನೋಡಿ.</ಹಂತ>
  <ಹಂತ><ಗುಂಡಿ>ಸ್ಟಾರ್ಟ್</ಗುಂಡಿ> ಒತ್ತಿ.</ಹಂತ>
  <ಹಂತ ಮಾದರಿ="12.5 15">ಸ್ಟಾರ್‌ನಿಂದ ಡೆಲ್ಟಾಗೆ ಬದಲಾಗುವವರೆಗೆ ಕಾಯಿರಿ.</ಹಂತ>
  <ಫಲ>ಹಸಿರು ದೀಪ ಉರಿಯುತ್ತದೆ.</ಫಲ>
</ಕಾರ್ಯ>

ಕೋನಾವರಣಗಳೊಳಗಿನ ಈ ಗುರುತುಗಳನ್ನು, ಅಂದರೆ ಟ್ಯಾಗ್‌ಗಳನ್ನು, ನಾನು ಲೇಖನಕ್ಕಾಗಿ ಕನ್ನಡಕ್ಕೆ ತಿರುಗಿಸಿದ್ದೇನೆ ಎಂದುಕೊಳ್ಳಬೇಡಿ. ಹೀಗೆ ಗುರುತು ಹಾಕಲು ಬಳಸುವ ಎಕ್ಸ್‌ಎಂಎಲ್ ಎಂಬ ಪದ್ಧತಿಯ ನಿಯಮದ ಪ್ರಕಾರ ಟ್ಯಾಗ್‌ನ ಹೆಸರು ಕನ್ನಡ ಲಿಪಿಯಲ್ಲೇ ಇರಬಹುದು. ಮೇಲಿನ ತುಣುಕನ್ನು ಹಾಗೆಯೇ ಕೊಟ್ಟರೂ ಯಾವ ಎಕ್ಸ್‌ಎಂಎಲ್ ತಂತ್ರಾಂಶವೂ ತಕರಾರಿಲ್ಲದೆ ಓದುತ್ತದೆ. ಪ್ರಚಲಿತ ಮಾರ್ಕಪ್ ಭಾಷೆಗಳ ಟ್ಯಾಗ್‌ಗಳೆಲ್ಲ ಇಂಗ್ಲಿಷಿನಲ್ಲಿವೆ ಎಂಬುದು ರೂಢಿಯ ಮಾತು, ನಿಯಮದ ಮಾತಲ್ಲ.

ತುಣುಕಿನಲ್ಲಿ ದಪ್ಪ, ಕೆಂಪು, ಗಾತ್ರ ಎಂಬ ಸುದ್ದಿಯೇ ಇಲ್ಲ. ಅವೆಲ್ಲ ಶೈಲಿಹಾಳೆ ಎಂಬ ಬೇರೆ ಕಡತದಲ್ಲಿವೆ. ಅಪಾಯವನ್ನು ಅಚ್ಚಿನಲ್ಲಿ ಕಪ್ಪು ಚೌಕಟ್ಟಿನೊಳಗೆ ಹಾಕು, ಮೊಬೈಲಿನಲ್ಲಿ ಕೆಂಪು ಪಟ್ಟಿಯಲ್ಲಿ ತೋರಿಸು, ಹಂತಗಳಿಗೆ ತಾನಾಗಿ ಸಂಖ್ಯೆ ಕೊಡು ಎಂಬ ಅಪ್ಪಣೆಗಳು ಅಲ್ಲಿ ಒಂದೊಂದೇ ಸಲ ಬರೆದಿರುತ್ತವೆ. ‘12.5 15’ ಎಂದು ಮಾದರಿ ನಮೂದಿಸಿದ ಹಂತ 5 ಎಚ್‌ಪಿ ಕೈಪಿಡಿ ತಯಾರಾಗುವಾಗ ತಾನೇ ಬಿಟ್ಟುಹೋಗುತ್ತದೆ, ಉಳಿದ ಹಂತಗಳ ಸಂಖ್ಯೆ ತಾನೇ ಸರಿಯಾಗುತ್ತದೆ. 30 ಕಡತಗಳು ಹೋಗಿ ಭಾಷೆಗೊಂದರಂತೆ ಮೂರು ಮೂಲಗಳು ಉಳಿದವು. ಎಂಜಿನಿಯರ್ ಹೇಳಿದ ಅವಧಿಯನ್ನು ಮೂರು ಕಡೆ ತಿದ್ದಿದರೆ ಸಾಕು. ಆ ಅಂಕಿಯನ್ನೇ ಪ್ರತ್ಯೇಕವಾಗಿ ಇಟ್ಟಿದ್ದರೆ ಒಂದೇ ಕಡೆ.

ಪಹಣಿ ಓದಿ ಅಭ್ಯಾಸವಿರುವವರಿಗೆ ಇದು ಹೊಸದಲ್ಲ. 9ನೇ ಕಲಂನಲ್ಲಿ ಇರುವವರು ಜಮೀನಿನ ಮಾಲೀಕರು, 11ನೇ ಕಲಂನಲ್ಲಿ ಇರುವುದು ಋಣ ಮತ್ತು ಇತರ ಹಕ್ಕುಗಳು. ಸಾಲ ಕೊಡುವ ಬ್ಯಾಂಕಿನವರು ಇಡೀ ಪಹಣಿ ಓದುವುದಿಲ್ಲ, ನೇರವಾಗಿ 11ಕ್ಕೆ ಕಣ್ಣು ಹಾಯಿಸುತ್ತಾರೆ. ಅಲ್ಲಿ ಬರೆದದ್ದು ಎಷ್ಟೇ ಸಣ್ಣ ಅಕ್ಷರದಲ್ಲಿರಲಿ, ಕಲಂ ಸಂಖ್ಯೆಯೇ ಅದರ ಅರ್ಥವನ್ನು ಹೇಳುತ್ತದೆ. ಪಹಣಿಗಳನ್ನು ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸಲು ಸಾಧ್ಯವಾದದ್ದರ ಹಿಂದೆ ಈ ಕಲಂಗಳ ಶಿಸ್ತೂ ಇದೆ.

ಈ ವಿಚಾರಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ವಯಸ್ಸಾಗಿದೆ. ಪಠ್ಯವನ್ನೂ ಅದರ ರೂಪವನ್ನೂ ಬೇರ್ಪಡಿಸಬೇಕು ಎಂದು ಮುದ್ರಣ ಕ್ಷೇತ್ರದ ವಿಲಿಯಂ ಟನ್ನಿಕ್ಲಿಫ್ ಕೆನಡಾ ಸರ್ಕಾರದ ಮುದ್ರಣಾಲಯದಲ್ಲಿ ನಡೆದ ಸಭೆಯೊಂದರಲ್ಲಿ ಪ್ರತಿಪಾದಿಸಿದ್ದು 1967ರಲ್ಲಿ. 1969ರಲ್ಲಿ ಕಂಪ್ಯೂಟರ್ ಕಂಪನಿ ಐಬಿಎಂನ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್, ರೇಮಂಡ್ ಲೋರಿ ಸೇರಿ ಜಿಎಂಎಲ್ (ಜನರಲೈಸ್ಡ್ ಮಾರ್ಕಪ್ ಲ್ಯಾಂಗ್ವೇಜ್) ಭಾಷೆಯನ್ನು ರೂಪಿಸಿದರು. ಅವರಿಗೆ ಎದುರಾಗಿದ್ದದ್ದು ಕಾನೂನು ದಾಖಲೆಗಳನ್ನು ಬರೆದು, ಹುಡುಕಿ, ಮುದ್ರಿಸುವ ಸಮಸ್ಯೆ. ಮೂರು ಕೆಲಸಕ್ಕೂ ಬೇರೆ ಬೇರೆ ತಂತ್ರಾಂಶ, ಒಂದಕ್ಕೆ ಇನ್ನೊಂದರ ಕಡತ ತಿಳಿಯದು. ಭಾಷೆಯ ಹೆಸರಿನ ಮೂರು ಅಕ್ಷರಗಳು ಈ ಮೂವರ ಕುಲನಾಮಗಳ ಮೊದಲಕ್ಷರಗಳೂ ಹೌದು. ಅದೇ ಬೆಳೆದು 1986ರಲ್ಲಿ ಎಸ್‌ಜಿಎಂಎಲ್ ಎಂಬ ಅಂತರರಾಷ್ಟ್ರೀಯ ಮಾನಕವಾಯಿತು (ಐಎಸ್‌ಒ 8879).

ಎಸ್‌ಜಿಎಂಎಲ್‌ನ ಕುಡಿಗಳಲ್ಲಿ ಜಗತ್ತೆಲ್ಲ ಕಂಡದ್ದು ಜಾಲಪುಟಗಳನ್ನು ಬರೆಯುವ ಎಚ್‌ಟಿಎಂಎಲ್. ಅದು ಶುರುವಾದದ್ದು ಶೀರ್ಷಿಕೆ, ಪ್ಯಾರಾ, ಪಟ್ಟಿ ಎಂಬ ಅರ್ಥದ ಗುರುತುಗಳಿಂದಲೇ. ಜಾಲತಾಣಗಳು ಜನಪ್ರಿಯವಾದಂತೆ ಬಣ್ಣ, ಫಾಂಟ್, ಮಿಣುಕುವ ಅಕ್ಷರಗಳ ಟ್ಯಾಗ್‌ಗಳು ಒಳನುಗ್ಗಿದವು. ಅಲಂಕಾರವನ್ನು ಮತ್ತೆ ಹೊರಗೆ ಹಾಕಲು 1996ರಲ್ಲಿ ಸಿಎಸ್‌ಎಸ್ ಎಂಬ ಶೈಲಿಹಾಳೆಯ ಭಾಷೆ ಬರಬೇಕಾಯಿತು. ಎಸ್‌ಜಿಎಂಎಲ್ ಶಕ್ತವಾಗಿತ್ತು, ಆದರೆ ಅದನ್ನು ಪೂರ್ತಿ ಅರ್ಥಮಾಡಿಕೊಳ್ಳುವ ತಂತ್ರಾಂಶ ಬರೆಯುವುದು ಶಿಕ್ಷೆಯಂತಿತ್ತು. ಅದನ್ನು ಸೋಸಿ ಸರಳಗೊಳಿಸಿದ ಎಕ್ಸ್‌ಎಂಎಲ್ 1998ರ ಫೆಬ್ರುವರಿ 10ರಂದು ಬಂತು. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಅದರ ತಳಹದಿ. ಕನ್ನಡಿಗರಾದ ನಮಗೆ ಎಕ್ಸ್‌ಎಂಎಲ್‌ನಿಂದಾದ ದೊಡ್ಡ ಉಪಕಾರ ಇದೇ ಎಂದು ನನ್ನ ಎಣಿಕೆ.

ಎಕ್ಸ್‌ಎಂಎಲ್ ತಾನೇ ಯಾವ ಟ್ಯಾಗನ್ನೂ ಕೊಡುವುದಿಲ್ಲ, ಟ್ಯಾಗ್ ಹೆಣೆಯುವ ವ್ಯಾಕರಣವನ್ನಷ್ಟೇ ಕೊಡುತ್ತದೆ. ಯಾವ ಟ್ಯಾಗ್ ಇರಬೇಕು, ಯಾವುದರೊಳಗೆ ಯಾವುದು ಬರಬೇಕು, ಯಾವ ಕ್ರಮದಲ್ಲಿ ಬರಬೇಕು ಎಂದು ಹೇಳುವುದು ಸ್ಕೀಮಾ. ಹೊರಗಿನವರಿಗೆ ಇದು ಒಣ ವಿಷಯ. ಒಳಗಿದ್ದು ಕೆಲಸ ಮಾಡುವವರಿಗೆ ಇಡೀ ವ್ಯವಸ್ಥೆಯ ಬೆನ್ನೆಲುಬೇ ಇದು. ಯಾವುದಾದರೂ ಯಂತ್ರದ ಕೈಪಿಡಿ ತೆಗೆದು ನೋಡಿ: ‘4. ಮುಚ್ಚಳ ಬಿಚ್ಚಿ. 5. ಒಳಗಿನ ತಂತಿಯನ್ನು ಹೊರತೆಗೆಯಿರಿ. ಗಮನಿಸಿ: ಮುಚ್ಚಳ ಬಿಚ್ಚುವ ಮೊದಲು ವಿದ್ಯುತ್ ಸಂಪರ್ಕ ಕಡಿತಗೊಳಿಸಿರಬೇಕು.’ ಓದುತ್ತಾ ಕೆಲಸ ಮಾಡುವವನ ಕೈ ಅಷ್ಟರಲ್ಲಿ ತಂತಿಯ ಮೇಲಿರುತ್ತದೆ. ಬರೆದವರು ಕೆಟ್ಟವರಲ್ಲ, ಅವಸರದಲ್ಲಿದ್ದವರು. ‘ಹಂತದೊಳಗೆ ಅಪಾಯದ ಸೂಚನೆ ಇದ್ದರೆ ಅದು ಆದೇಶಕ್ಕಿಂತ ಮೊದಲೇ ಇರಬೇಕು’ ಎಂದು ಸ್ಕೀಮಾದಲ್ಲಿ ಬರೆದಿಟ್ಟರೆ ಇಂಥ ಕಡತ ಮುದ್ರಣಕ್ಕೆ ಹೋಗುವುದೇ ಇಲ್ಲ. ತಂತ್ರಾಂಶ ಸಾಲು ಸಂಖ್ಯೆ ಸಮೇತ ತಪ್ಪು ತೋರಿಸಿ ನಿಲ್ಲುತ್ತದೆ. ಇನ್ನೂ ಸೂಕ್ಷ್ಮ ನಿಯಮಗಳಿಗೆ ಸ್ಕೀಮಾಟ್ರಾನ್ ಎಂಬ ಸಾಧನವಿದೆ. ‘ಗುಂಡಿ ಎಂದು ಗುರುತಿಸಿದ ಪ್ರತಿ ಹೆಸರೂ ಪೆಟ್ಟಿಗೆಯ ಮೇಲಿನ ಗುಂಡಿಗಳ ಪಟ್ಟಿಯಲ್ಲಿ ಇದೆಯೇ’ ಎಂಬಂಥ ಪರೀಕ್ಷೆಗಳನ್ನು ಅದರಲ್ಲಿ ಬರೆಯಬಹುದು.

ಅಪಾಯಗಳಲ್ಲಿಯೂ ತರತಮವಿದೆ. ಅಮೆರಿಕದ ಎಎನ್‌ಎಸ್‌ಐ ಝಡ್535 ಮಾನಕ ನಾಲ್ಕು ಮಟ್ಟಗಳನ್ನು ಹೇಳುತ್ತದೆ: ತಪ್ಪಿಸದಿದ್ದರೆ ಸಾವು ಅಥವಾ ತೀವ್ರ ಗಾಯ ಖಚಿತ, ಸಾವು ಅಥವಾ ತೀವ್ರ ಗಾಯ ಸಂಭವನೀಯ, ಸಣ್ಣ ಅಥವಾ ಮಧ್ಯಮ ಗಾಯ ಸಂಭವನೀಯ, ಗಾಯವಿಲ್ಲ ಆದರೆ ಯಂತ್ರಕ್ಕೋ ಆಸ್ತಿಗೋ ಹಾನಿ. ಮೇನ್ ಸ್ವಿಚ್ ಆಫ್ ಮಾಡದೆ ಬಾಗಿಲು ತೆರೆಯುವುದು ಮೇಲಿನ ಮಟ್ಟದ್ದು. ನೀರಿಲ್ಲದೆ ಮೋಟಾರ್ ಓಡಿಸುವುದು ಕೊನೆಯದ್ದು. ಎರಡನ್ನೂ ಒಂದೇ ಕೆಂಪು ಅಕ್ಷರದಲ್ಲಿ ಮುದ್ರಿಸುವ ಕೈಪಿಡಿ ಓದುಗನಿಗೆ ಎರಡನ್ನೂ ನಿರ್ಲಕ್ಷಿಸಲು ಕಲಿಸುತ್ತದೆ.

ಸಿದ್ಧ ಮಾರ್ಕಪ್ ಭಾಷೆಗಳಲ್ಲಿ ಮೂರನ್ನು ತಿಳಿದರೆ ಸಾಕು. ಡಾಕ್‌ಬುಕ್ ಹುಟ್ಟಿದ್ದು 1991ರಲ್ಲಿ, ಹಾಲ್ ಕಂಪ್ಯೂಟರ್ ಸಿಸ್ಟಮ್ಸ್ ಮತ್ತು ಪ್ರಕಾಶಕ ಸಂಸ್ಥೆ ಓರೈಲಿಯ ಜಂಟಿ ಪ್ರಯತ್ನವಾಗಿ. ಈಗ ಅದು ಮಾನಕಗಳನ್ನು ರೂಪಿಸುವ ಒಯಾಸಿಸ್ ಸಂಸ್ಥೆಯ ಉಸ್ತುವಾರಿಯಲ್ಲಿದೆ. ಅದರ ಕಣ್ಣಿಗೆ ದಾಖಲೆ ಎಂದರೆ ಪುಸ್ತಕ: ಭಾಗ, ಅಧ್ಯಾಯ, ವಿಭಾಗ, ಅನುಬಂಧ. ಕಂಪ್ಯೂಟರ್ ಕೈಪಿಡಿಗೆ ಬೇಕಾದ ಟ್ಯಾಗ್‌ಗಳು ಅದರಲ್ಲಿ ನೂರಾರು ಇವೆ. ಕಡತದ ಹೆಸರಿಗೆ ಒಂದು, ಆಜ್ಞೆಗೆ ಒಂದು, ಕೀಲಿಗೆ ಇನ್ನೊಂದು. ಅದರ ಶೈಲಿಹಾಳೆಗಳ ಕಟ್ಟಿನಲ್ಲಿ ಕನ್ನಡದ ಕಡತವೂ ಇರುವುದರಿಂದ ಅಧ್ಯಾಯ, ಪುಟ, ಪರಿವಿಡಿಯಂಥ ತಾನಾಗಿ ಮೂಡುವ ಪದಗಳು ಕನ್ನಡದಲ್ಲೇ ಬರುತ್ತವೆ.

ಎರಡನೆಯದಾದ ಡಿಟಾ ಐಬಿಎಂನಿಂದ 2001ರಲ್ಲಿ ಹೊರಬಂದು 2005ರಲ್ಲಿ ಒಯಾಸಿಸ್ ಮಾನಕವಾಯಿತು. ಹೆಸರಿನ ಮೊದಲ ಅಕ್ಷರ ಡಾರ್ವಿನ್‌ನದು: ಇರುವ ಟ್ಯಾಗಿನಿಂದ ಹೆಚ್ಚು ನಿರ್ದಿಷ್ಟ ಟ್ಯಾಗನ್ನು ಹುಟ್ಟಿಸಬಹುದು, ಮರಿ ತಾಯಿಯ ಗುಣ ಪಡೆಯುತ್ತದೆ. ಡಿಟಾಗೆ ಪುಸ್ತಕ ಮುಖ್ಯವಲ್ಲ, ವಿಷಯ ಮುಖ್ಯ. ಇದು ಏನು ಎಂದು ತಿಳಿಸುವ ಪರಿಕಲ್ಪನೆ, ಹೇಗೆ ಮಾಡುವುದು ಎಂದು ಹೇಳುವ ಕಾರ್ಯ, ಅಂಕಿ-ಅಂಶ ಒದಗಿಸುವ ಉಲ್ಲೇಖ ಎಂಬ ಮೂರು ಬಗೆಯ ಬಿಡಿ ತುಣುಕುಗಳನ್ನು ಬರೆದು, ನಕ್ಷೆ ಎಂಬ ಕಡತದಲ್ಲಿ ಅವುಗಳನ್ನು ಜೋಡಿಸುತ್ತಾರೆ. 5 ಎಚ್‌ಪಿ ಪೆಟ್ಟಿಗೆಗೆ ಒಂದು ನಕ್ಷೆ, 15ಕ್ಕೆ ಇನ್ನೊಂದು, ತುಣುಕುಗಳು ಬಹುಪಾಲು ಅವೇ. ವೇಮಗಲ್‌ನ ನಮ್ಮ ಘಟಕಕ್ಕೆ ಡಾಕ್‌ಬುಕ್‌ಗಿಂತ ಡಿಟಾದ ಯೋಚನೆ ಚೆನ್ನಾಗಿ ಹೊಂದುತ್ತದೆ.

ಮೂರನೆಯದು ಎಸ್1000ಡಿ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರುವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತಲ್ಲ, ಅಂಥ ಯಂತ್ರಗಳ ಲೋಕದ ಮಾನಕವಿದು. ಯೂರೋಪಿನ ವಿಮಾನ ಉದ್ಯಮ 1980ರ ದಶಕದಲ್ಲಿ ಇದನ್ನು ಶುರು ಮಾಡಿತು. ಪ್ರತಿ ತುಣುಕೂ ಒಂದು ದತ್ತಾಂಶ ಘಟಕ. ಯಾವ ಯಂತ್ರ, ಅದರ ಯಾವ ಅಂಗ, ತುಣುಕಿನಲ್ಲಿರುವುದು ವಿವರಣೆಯೋ ಬಿಚ್ಚುವ ಕ್ರಮವೋ ತಪಾಸಣೆಯೋ ಎಂಬುದೆಲ್ಲ ಅದರ ಉದ್ದನೆಯ ಸಂಕೇತ ಸಂಖ್ಯೆಯಲ್ಲೇ ಅಡಗಿರುತ್ತದೆ. ದಶಕಗಳ ಕಾಲ ಹಾರುವ, ನಡುನಡುವೆ ಬಿಡಿಭಾಗ ಬದಲಾಗುವ ಯಂತ್ರಕ್ಕೆ ಇಷ್ಟು ಕಟ್ಟುನಿಟ್ಟು ಬೇಕೇ ಬೇಕು. ಸ್ಟಾರ್ಟರ್ ಪೆಟ್ಟಿಗೆಗೆ ಅದನ್ನು ಹಚ್ಚಿದರೆ ಮಾಲೀಕರು ಸಾಲ ಮಾಡಬೇಕಾಗುತ್ತದೆ.

ಇಂಗ್ಲಿಷಿನ ಲೇಖನಗಳಲ್ಲಿ ಸಿಗದ ಎರಡು ಮೂರು ಸಂಗತಿಗಳು ಕನ್ನಡದಲ್ಲಿ ಕೆಲಸ ಮಾಡುವಾಗ ಎದುರಾಗುತ್ತವೆ. ಇಂಗ್ಲಿಷ್ ಕೈಪಿಡಿ ಒತ್ತು ಕೊಡಬೇಕಾದಲ್ಲಿ ಓರೆ ಅಕ್ಷರ ಬಳಸುತ್ತದೆ, ಎಚ್ಚರಿಕೆಯನ್ನು ದೊಡ್ಡಕ್ಷರಗಳಲ್ಲಿ ಬರೆಯುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ ಎಂಬುದೇ ಇಲ್ಲ. ನಮ್ಮ ಗುಂಡು ಅಕ್ಷರಗಳನ್ನು ಬಲವಂತವಾಗಿ ಓರೆ ಮಾಡಿದರೆ ಒತ್ತಕ್ಷರಗಳು ಮುಗ್ಗರಿಸಿದಂತೆ ಕಾಣುತ್ತವೆ. ಮೂಲದಲ್ಲಿ ‘ಓರೆ’ ಎಂದು ಬರೆದಿದ್ದರೆ ಅನುವಾದಕರು ಪುಟಪುಟಕ್ಕೂ ತಲೆ ಕೆಡಿಸಿಕೊಳ್ಳಬೇಕು. ‘ಒತ್ತು’ ಎಂದು ಬರೆದಿದ್ದರೆ ಕನ್ನಡದ ಶೈಲಿಹಾಳೆಯಲ್ಲಿ ಒಂದೇ ಸಲ ದಪ್ಪಕ್ಷರವೆಂದೋ ಬಣ್ಣವೆಂದೋ ತೀರ್ಮಾನಿಸಿ ಕೈತೊಳೆದುಕೊಳ್ಳಬಹುದು.

ಇನ್ನೊಂದು ತೊಡಕು ವಿಭಕ್ತಿಯದು. ಮರುಬಳಕೆಯ ಆಸೆಗೆ ಬಿದ್ದವರು ಯಂತ್ರದ ಹೆಸರನ್ನು ಒಂದು ಕಡೆ ಇಟ್ಟು, ಬೇಕಾದಲ್ಲೆಲ್ಲ ಅದನ್ನು ತಂದು ಸೇರಿಸುತ್ತಾರೆ. ಇಂಗ್ಲಿಷಿನಲ್ಲಿ ಹೆಸರು ಎಲ್ಲಿ ಕುಳಿತರೂ ಬದಲಾಗದು. ಕನ್ನಡದಲ್ಲಿ ‘ಪೆಟ್ಟಿಗೆ’ಯನ್ನು ತಂದರೆ ‘ಪೆಟ್ಟಿಗೆಯನ್ನು’, ‘ಯಂತ್ರ’ವನ್ನು ತಂದರೆ ‘ಯಂತ್ರವನ್ನು’, ‘ಸ್ಟಾರ್ಟರ್’ ತಂದರೆ ‘ಸ್ಟಾರ್ಟರನ್ನು’. ಹೆಸರು ಮಾತ್ರ ಬದಲಾಗಿ ಪ್ರತ್ಯಯ ಹಾಗೆಯೇ ಉಳಿದರೆ ‘ಸ್ಟಾರ್ಟರ್ಯನ್ನು’ ಎಂಬ ವಿಕಾರ ಅಚ್ಚಾಗುತ್ತದೆ. ಟ್ಯಾಗ್‌ನ ಗಡಿಯಲ್ಲಿಯೂ ಇದೇ ಕಿರಿಕಿರಿ. ಗುಂಡಿಯ ಹೆಸರು ‘ಸ್ಟಾರ್ಟ್’, ವಾಕ್ಯಕ್ಕೆ ಬೇಕಾದದ್ದು ‘ಸ್ಟಾರ್ಟನ್ನು’. ಟ್ಯಾಗ್ ಎಲ್ಲಿ ಮುಗಿಯಬೇಕು? ‘ಟ್’ ಮತ್ತು ‘ಅ’ ಬೆಸೆದು ಒಂದೇ ಅಕ್ಷರವಾಗಿವೆ, ನಡುವೆ ಗೆರೆ ಎಳೆಯಲು ಜಾಗವಿಲ್ಲ. ಇದಕ್ಕೆ ನಾನು ಒಪ್ಪುವ ದಾರಿ ಒಂದೇ: ಹೆಸರಿಗೆ ಪ್ರತ್ಯಯ ಅಂಟಿಸಬೇಡಿ, ಪಕ್ಕದಲ್ಲಿ ಒಂದು ಸಾಮಾನ್ಯ ಪದವನ್ನು ಕೂರಿಸಿ. ‘ಸ್ಟಾರ್ಟ್ ಗುಂಡಿಯನ್ನು ಒತ್ತಿ’ ಎಂದರೆ ‘ಸ್ಟಾರ್ಟ್’ ಟ್ಯಾಗ್‌ನೊಳಗೆ ಕ್ಷೇಮ, ಪ್ರತ್ಯಯದ ಭಾರ ಹೊರುವುದು ಗುಂಡಿ. ಬಿಡಿ ಪದಗಳಿಗಿಂತ ಇಡೀ ವಾಕ್ಯ, ಇಡೀ ಹಂತವನ್ನು ಮರುಬಳಸುವುದು ಇನ್ನೂ ಲೇಸು. ತೆಲುಗು, ತಮಿಳಿಗೂ ಇದೇ ಮಾತು ಅನ್ವಯಿಸುತ್ತದೆ.

ಹಳೆಯ ಕಡತಗಳ ಗೋಳು ಬೇರೆ. ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಯೂನಿಕೋಡ್‌ಪೂರ್ವದ ನುಡಿ ಫಾಂಟ್‌ನಲ್ಲಿ ಕಂಪೋಸ್ ಮಾಡಿದ ಕೈಪಿಡಿಗಳು ಇನ್ನೂ ಇವೆ. ಫಾಂಟ್ ಬದಲಾಯಿಸಿದ ಕೂಡಲೇ ಅಲ್ಲಿನ ಕನ್ನಡ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗಜಿಬಿಜಿಯಾಗುತ್ತದೆ. ಏಕೆಂದರೆ ಕಡತದೊಳಗೆ ಇದ್ದದ್ದು ಕನ್ನಡದ ಅಕ್ಷರವಲ್ಲ, ಅಕ್ಷರದ ಆಕಾರಗಳ ತುಂಡುಗಳು. ಇಂಥ ಕಡತಕ್ಕೆ ಟ್ಯಾಗ್ ಹಾಕುವ ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು, ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ಓದಬೇಕು. ಈ ಹಂತವನ್ನು ಲೆಕ್ಕಕ್ಕೆ ಹಿಡಿಯದೆ ದರ ಹೇಳಿದವರು ಕೈ ಸುಟ್ಟುಕೊಳ್ಳುತ್ತಾರೆ.

ಹಾಗೆಂದು ಎಲ್ಲರೂ ಎಕ್ಸ್‌ಎಂಎಲ್‌ಗೆ ಬರಬೇಕು ಎಂದು ನಾನು ಹೇಳುವುದಿಲ್ಲ. ಕೋನಾವರಣಗಳ ನಡುವೆ ಬರೆಯುವುದು ಕಷ್ಟ, ಒಳ್ಳೆಯ ಸಂಪಾದಕ ತಂತ್ರಾಂಶಗಳು ದುಬಾರಿ, ಶೈಲಿಹಾಳೆ ತಿದ್ದಬಲ್ಲವರು ಜಿಲ್ಲೆಗೆ ಒಬ್ಬರು ಸಿಕ್ಕರೆ ಪುಣ್ಯ. ಕಂಪ್ಯೂಟರ್ ಲೋಕದ ದೊಡ್ಡವರೂ ಇದರಿಂದ ಸುಸ್ತಾಗಿದ್ದಾರೆ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ ತಂಡ 2016ರಲ್ಲಿ ಡಾಕ್‌ಬುಕ್ ಬಿಟ್ಟು ರಿಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಹಗುರ ಮಾರ್ಕಪ್‌ನತ್ತ ಹೊರಳಿತು, ಇನ್ನೊಂದು ಕಾರ್ಯಾಚರಣ ವ್ಯವಸ್ಥೆ ಫ್ರೀಬಿಎಸ್‌ಡಿ 2021ರಲ್ಲಿ ಅಂಥದ್ದೇ ಆದ ಆಸ್ಕಿಡಾಕ್‌ಗೆ ಬದಲಾಯಿತು. ದತ್ತಸಂಚಯ ತಂತ್ರಾಂಶ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಮಾತ್ರ ಡಾಕ್‌ಬುಕ್ ಬಿಟ್ಟಿಲ್ಲ. ಬಿಟ್ಟವರು ಅರ್ಥದ ಗುರುತನ್ನು ಬಿಡಲಿಲ್ಲ, ಅದನ್ನು ಬರೆಯುವ ಹಗುರ ದಾರಿ ಹಿಡಿದರು ಎಂಬುದನ್ನು ಗಮನಿಸಬೇಕು. 2004ರಲ್ಲಿ ಬಂದ ಮಾರ್ಕ್‌ಡೌನ್ ಇನ್ನೂ ಹಗುರ. ಆದರೆ ಮೂಲ ಮಾರ್ಕ್‌ಡೌನ್‌ಗೆ ಎಚ್ಚರಿಕೆ ಎಂದರೇನು ಎಂದೇ ತಿಳಿಯದು, ಅದಕ್ಕೆ ಗೊತ್ತಿರುವುದು ಶೀರ್ಷಿಕೆ, ಪಟ್ಟಿ, ಒತ್ತು. ಅಡುಗೆಯ ವಿಧಾನ ಬರೆಯಲು ಅಷ್ಟು ಸಾಕು, ತ್ರೀ ಫೇಸ್ ಪೆಟ್ಟಿಗೆಗೆ ಸಾಲದು.

ಒಂದೇ ಮಾದರಿ, ಒಂದೇ ಭಾಷೆ, ಎಂಟು ಪುಟದ ಕೈಪಿಡಿಯಾದರೆ ಇದ್ದ ತಂತ್ರಾಂಶದಲ್ಲೇ ಮುಗಿಸಿ. ವೇಮಗಲ್‌ನ ಘಟಕದಂತೆ ಮಾದರಿ ಮತ್ತು ಭಾಷೆಗಳು ಗುಣಿಸಿಕೊಂಡು ಬೆಳೆಯುತ್ತಿದ್ದರೆ ಆಸ್ಕಿಡಾಕ್‌ನಿಂದ ಆರಂಭಿಸುವುದು ನನ್ನ ಸಲಹೆ. ಉಚಿತ, ಸರಳ ಪಠ್ಯ, ಐದು ಬಗೆಯ ಸೂಚನೆಗಳು ಅದರಲ್ಲೇ ಇವೆ. ಬೇರೆ ಕಡತದ ತುಣುಕನ್ನು ತಂದು ಸೇರಿಸಬಹುದು, ಮಾದರಿಗೆ ತಕ್ಕಂತೆ ಸಾಲುಗಳನ್ನು ಬಿಡಬಹುದು, ಮುಂದೆ ಬೇಕೆನಿಸಿದರೆ ಡಾಕ್‌ಬುಕ್‌ಗೆ ಪರಿವರ್ತಿಸಲೂ ಬಹುದು. ಮೊದಲು ಎಲ್ಲ ಮಾದರಿಗಳ ಅಪಾಯ ಸೂಚನೆಗಳನ್ನು ಒಂದೇ ಕಡತಕ್ಕೆ ತನ್ನಿ, ಉಳಿದದ್ದು ನಿಧಾನವಾಗಿ ಬರಲಿ. ಪಿಡಿಎಫ್ ತಯಾರಿಸುವ ಸಾಧನವನ್ನು ಆರಿಸುವಾಗ ಮಾತ್ರ ಅವಸರ ಬೇಡ. ಒತ್ತಕ್ಷರಗಳನ್ನು ಕೂಡಿಸಲು ಬಾರದ ಸಾಧನಗಳಿವೆ, ಆಸ್ಕಿಡಾಕ್ ಕಡತಗಳನ್ನು ಪರಿವರ್ತಿಸುವ ಆಸ್ಕಿಡಾಕ್ಟರ್‌ನ ಪಿಡಿಎಫ್ ಸಾಧನವೂ ಅವುಗಳಲ್ಲಿ ಒಂದು. ಎಚ್‌ಟಿಎಂಎಲ್ ಮಾಡಿ ಬ್ರೌಸರಿನಿಂದ ಪಿಡಿಎಫ್ ತೆಗೆದರೆ ಕನ್ನಡ ಸರಿಯಾಗಿ ಬರುತ್ತದೆ. ‘ಸ್ವಿಚ್’, ‘ಫ್ಯೂಸ್’, ‘ವಿದ್ಯುತ್ ಸಂಪರ್ಕ’, ‘ರಾಷ್ಟ್ರೀಯ’ ಎಂಬ ಪದಗಳಿರುವ ಒಂದು ಪುಟವನ್ನು ಅಚ್ಚು ಹಾಕಿಸಿ ನೋಡಿ, ಆಮೇಲೆ ಕಾಗದಕ್ಕೆ ಮುಂಗಡ ಕೊಡಿ.